ಎರಡು ಸ್ಟೇಷನ್ ಆಚೆ

ನಮ್ಮೂರು ಪಾಪಿನಾಯಕನಹಳ್ಳಿ. ಹೆಸರು ಕೇಳಿ ನಗಬೇಡಿ ಮಕ್ಕಳೇ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಷ್ಟು ವರ್ಷವೂ ಜನ ನಕ್ಕಿದ್ದಾರೆ. "ಆ ನಾಯಕ ಅಂಥ ಪಾಪ ಏನು ಮಾಡಿದ್ದನಯ್ಯಾ?" ಎಂದು ಕೇಳದ ಸಹೋದ್ಯೋಗಿ ಇಲ್ಲ. ಪಾಪಣ್ಣ, ಪಾಪಯ್ಯ ಅನ್ನುವ ಹಾಗೆ ಪಾಪಿನಾಯಕ ಅನ್ನುವುದೂ ಒಂದು ಹೆಸರು, ಅಷ್ಟೇ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಬಸ್ಸಿನ ಕಂಡಕ್ಟರುಗಳು ಈ ರಗಳೆಯೇ ಬೇಡವೆಂದು "ಪಿ.ಕೆ. ಹಳ್ಳಿ ಇಳೀರಿ" ಎಂದು ಕೂಗುತ್ತಾರೆ.

ಹೊಸಪೇಟೆಯಿಂದ ಬಳ್ಳಾರಿ ರಸ್ತೆ ಹಿಡಿದರೆ ಹತ್ತಿರತ್ತಿರ ಹದಿನೈದು ಕಿಲೋಮೀಟರ್. ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದೆವು, 2021ರಿಂದ ವಿಜಯನಗರ ಜಿಲ್ಲೆಯವರಾದೆವು. ದಕ್ಷಿಣಕ್ಕೆ ಸಂಡೂರಿನ ಗುಡ್ಡಗಳು. ಆ ಗುಡ್ಡದ ಅದಿರು ಲಾರಿ ಏರಿ ನಮ್ಮೂರ ಮೇಲೆ ಹಾಯ್ದು ಹೋಗುವಾಗ ಒಂದು ಪಾಲನ್ನು ಧೂಳಾಗಿ ನಮಗೂ ಕೊಟ್ಟು ಹೋಗುತ್ತದೆ. ನಮ್ಮ ಮನೆಯ ಮುಂದಿನ ಬೇವಿನ ಮರ ಹಸಿರಾಗಿ ಕಾಣುವುದು ಮಳೆ ಬಂದ ಮರುದಿನ ಮಾತ್ರ. ಬಿಳಿ ಪಂಚೆ ಉಡುವ ಚಪಲ ಇರುವವರು ಇಲ್ಲಿ ಬಾಳುವುದು ಕಷ್ಟ.

ಊರಿಗೊಂದು ಸಣ್ಣ ರೈಲ್ವೆ ಸ್ಟೇಷನ್ ಇದೆ. ಬಳ್ಳಾರಿ ಕಡೆಗೆ ಹೊರಟರೆ ಮುಂದಿನದು ಗಾದಿಗನೂರು, ಅದರ ಮುಂದಿನದು ದರೋಜಿ. ಈ ಎರಡು ಸ್ಟೇಷನ್ ದೂರವನ್ನು ದಾಟಲು ನನಗೆ ಎಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಆ ಕಥೆಯನ್ನೇ ಹೇಳಹೊರಟಿದ್ದೇನೆ.

ನನ್ನ ಮಗಳು ಇರುವುದು ಕೆನಡಾದ ಟೊರಾಂಟೊ ಹತ್ತಿರ. ಹೋದ ಬೇಸಿಗೆಯಲ್ಲಿ ಹದಿಮೂರು ವರ್ಷದ ಮೊಮ್ಮಗ ರಜೆಗೆಂದು ಬಂದ. ಬಟ್ಟೆಯ ಪೆಟ್ಟಿಗೆಗಿಂತ ದೊಡ್ಡದಾಗಿ ಒಂದು ಗಿಟಾರು ಹೊತ್ತು ತಂದಿದ್ದ. ಜೊತೆಗೆ ಶಾಲೆಯ ಕೆಲಸವೂ ಒಂದಿತ್ತು: ಒಬ್ಬ ಸಂಗೀತಗಾರರ ಬಾಲ್ಯದ ಬಗ್ಗೆ, ಅವರು ಹಾಡು ಕಲಿಯಲು ಶುರುಮಾಡಿದ ಬಗ್ಗೆ ಬರೆದು ತರಬೇಕು. ಅವನು ಆರಿಸಿಕೊಂಡದ್ದು ಅವರ ದೇಶದ ರಾಕ್ ಗಾಯಕ ನೀಲ್ ಯಂಗ್ ಎಂಬವರನ್ನು. ಮಧ್ಯಾಹ್ನ ಕರೆಂಟು ಹೋದಾಗ ಪಡಸಾಲೆಯಲ್ಲಿ ಮಲಗಿ, ತಾನು ಬರೆದದ್ದನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದ. ನಾನು ಬೀಸಣಿಗೆ ಬೀಸುತ್ತಾ ಕೇಳುತ್ತಿದ್ದೆ.

ನೀಲ್ ಯಂಗ್ ಹುಟ್ಟಿದ್ದು 1945ರಲ್ಲಿ, ಟೊರಾಂಟೊದಲ್ಲಿ. ತಂದೆ ಪತ್ರಿಕೆಗಳಿಗೆ ಬರೆಯುತ್ತಿದ್ದವರು, ಹುಡುಗರಿಗಾಗಿ ಹಾಕಿ ಆಟದ ಕಥೆಗಳನ್ನೂ ಬರೆದವರು. ಬೆಳೆದದ್ದು ಒಮೀಮಿ ಎಂಬ ಪುಟ್ಟ ಊರಿನಲ್ಲಿ. 1951ರಲ್ಲಿ, ಇನ್ನೂ ಆರು ತುಂಬುವ ಮೊದಲೇ, ಪೋಲಿಯೊ ಬಂತು. ಆಗ ಅದಕ್ಕೆ ಲಸಿಕೆ ಇನ್ನೂ ಬಂದಿರಲಿಲ್ಲ. ಬದುಕಿದ. ದೊಡ್ಡವನಾಗುತ್ತಾ ಕೋಳಿ ಸಾಕಿ ಮೊಟ್ಟೆ ಮಾರುತ್ತಿದ್ದನಂತೆ (ಈ ಭಾಗ ನನಗೆ ಬಹಳ ಹಿಡಿಸಿತು, ಆ ವಯಸ್ಸಿನಲ್ಲಿ ಲೆಕ್ಕ ಕಲಿಯುವುದು ಒಳ್ಳೆಯದು). ಮೊದಲು ಕೈಗೆ ಬಂದ ವಾದ್ಯ ಪ್ಲಾಸ್ಟಿಕ್ಕಿನ ಒಂದು ಯುಕುಲೇಲಿ. ನಾಲ್ಕು ತಂತಿಯದು, ನೋಡಲು ಗಿಟಾರಿನ ಮರಿಯ ಹಾಗಿರುತ್ತದೆ. 1960ರಲ್ಲಿ ತಂದೆ ತಾಯಿ ಬೇರೆಯಾದ ಮೇಲೆ ತಾಯಿಯ ಜೊತೆ ವಿನ್ನಿಪೆಗ್ ಎಂಬ ಬಹಳ ಚಳಿಯ ಊರಿಗೆ ಹೋದ. ಅಲ್ಲಿ ಗೆಳೆಯರೊಂದಿಗೆ ಸ್ಕ್ವೈರ್ಸ್ ಎಂಬ ತಂಡ ಕಟ್ಟಿ ಶಾಲೆಗಳಲ್ಲಿ, ಬಡಾವಣೆಯ ಕ್ಲಬ್ಬುಗಳಲ್ಲಿ ನುಡಿಸಿದ. 1963ರಲ್ಲಿ ಅಲ್ಲಿಯ ರೇಡಿಯೊ ಕೇಂದ್ರದಲ್ಲಿ ಮೊದಲ ಧ್ವನಿಮುದ್ರಣ. ಆಮೇಲೆ ಓದು ಅರ್ಧಕ್ಕೇ ಬಿಟ್ಟ.

"ತಾತಾ, ಅವರ ಗಾಡಿ ಯಾವುದು ಗೊತ್ತಾ? ಹೆಣ ಸಾಗಿಸೋ ಹಳೇ ಕಾರು! ಶವಪೆಟ್ಟಿಗೆ ಒಳಗೆ ತಳ್ಳೋಕೆ ಅದರಲ್ಲಿ ಉರುಳೆ ಇರ್ತಾವೆ. ಅದರ ಮೇಲೆ ಇವರು ಸ್ಪೀಕರ್, ವಾದ್ಯ ಎಲ್ಲಾ ಇಟ್ಟು ಸರ್ ಅಂತ ತಳ್ತಿದ್ರು."

ನನ್ನ ಹೆಂಡತಿ ಒಳಗಿನಿಂದಲೇ "ಶಿವ ಶಿವಾ" ಅಂದಳು. ನಾವಿಬ್ಬರೂ ನಕ್ಕೆವು.

ಆಮೇಲೆ ಅವನು ಕೇಳಿದ: "ತಾತಾ, ಇಲ್ಲಿ ಯಾರಿದಾರೆ? ನಿಮ್ಮೂರಿನ ಹತ್ತಿರ ಹುಟ್ಟಿ ಇಷ್ಟು ದೊಡ್ಡ ಸಿಂಗರ್ ಆದವರು?"

ಥಟ್ಟನೆ ಬಾಯಿಗೆ ಬಂದದ್ದು ಪುರಂದರದಾಸರ ಹೆಸರು. ಹಂಪಿಯಲ್ಲಿ ಹೊಳೆಯ ದಂಡೆಯ ಮೇಲೆ ಅವರ ಮಂಟಪ ಇದೆಯಲ್ಲ. "ಅದು ಐನೂರು ವರ್ಷದ ಹಿಂದೆ. ನೀವು ನೋಡಿದವರು?" ಅಂದ. ಗದಗಿನ ಕಡೆಯ ಭೀಮಸೇನ ಜೋಶಿ ಅಂದೆ. "ಹತ್ತಿರ ಅಂದ್ರೆ ಇನ್ನೂ ಹತ್ತಿರ." ಆಗ ಹೇಳಿದೆ, "ಎರಡು ಸ್ಟೇಷನ್ ಆಚೆ ಒಬ್ಬರಿದ್ದರು. ಈರಮ್ಮ. ದರೋಜಿ ಈರಮ್ಮ."

"ನೀವು ಕೇಳಿದ್ರಾ ಅವರ ಹಾಡು?"

ಅದಕ್ಕೆ ಉತ್ತರ ಕೊಡಲು ನಾನು 1961ಕ್ಕೆ ಹೋಗಬೇಕಾಯಿತು.

ಆಗ ನನಗೆ ಹತ್ತು ವರ್ಷ. ಸುಗ್ಗಿ ಮುಗಿದು ಜೋಳ ಮನೆ ಸೇರಿದ ಮೇಲೆ ಊರಿಗೆ ಒಬ್ಬರಾದ ಮೇಲೊಬ್ಬರು ಬರುತ್ತಿದ್ದರು. ಕೋಲೆ ಬಸವನವರು, ಬುಡಬುಡಕಿಯವರು, ರಾಮ ಲಕ್ಷ್ಮಣರ ವೇಷ ಹಾಕಿ ಹಾಡುಹಗಲೇ ಬೀದಿಯಲ್ಲಿ ನಡೆಯುವ ಹಗಲುವೇಷದವರು. ಅವರಂತೆಯೇ ಬರುತ್ತಿದ್ದವರು ಬುರ್ರಕಥೆಯ ಹೆಣ್ಣುಮಕ್ಕಳು. ಒಂದು ಬೆಳಗ್ಗೆ ಮೂವರು ನಮ್ಮ ಬಾಗಿಲಲ್ಲಿ ನಿಂತು ದನಿ ತೆಗೆದರು. ನಾನು ಕಟ್ಟೆಯ ಮೇಲೆ ಗೋಲಿ ಆಡುತ್ತಿದ್ದವನು ದೊಡ್ಡ ಯಜಮಾನನ ಹಾಗೆ "ಮುಂದಕ್ಕೆ ಹೋಗ್ರಿ" ಅಂದೆ. ಗೆಳೆಯರು ಕಿಸಕ್ಕೆಂದು ನಕ್ಕರು.

ಅಡುಗೆಮನೆಯಿಂದ ಅಜ್ಜಿ ಹೇಗೆ ಬಂದಳೋ ತಿಳಿಯದು. ತಲೆಯ ಮೇಲೆ ಒಂದು ಬಿತ್ತು. "ಅವರು ಬೇಡಾಕ ಬಂದಾರೇನೋ? ರಾತ್ರಿ ಊರಿಗೆ ಊರೇ ಎದ್ದು ಕುಂತು ಕೇಳೋ ಕಥೆ ತಂದಾರ!" ಎಂದು ಮೊರದ ತುಂಬ ಜೋಳ ಹಾಕಿ, "ನೀನೇ ಕೊಡು" ಎಂದು ನನ್ನ ಕೈಯಲ್ಲಿಟ್ಟಳು. ನಾನು ತಲೆ ತಗ್ಗಿಸಿ ಸುರಿದೆ. ಅವರಲ್ಲಿ ದೊಡ್ಡವರು ಏನೂ ಅನ್ನಲಿಲ್ಲ. ನನ್ನ ಮುಖ ನೋಡಿ, "ರಾತ್ರಿ ಬಾ ಮರೀ, ಹನುಮಪ್ಪನ ಗುಡಿ ಹತ್ರ" ಅಂದರು.

ಹೋದೆ. ಗ್ಯಾಸ್‌ಲೈಟಿನ ಬೆಳಕು. ನಡುವೆ ನಿಂತ ಮುಂದಾಳಿನ ಹೆಗಲಿಗೆ ತಂಬೂರಿ. ಬಲಗೈ ಹೆಬ್ಬೆರಳಿಗೆ ಹಿತ್ತಾಳೆಯ ಟೊಳ್ಳು ಬಳೆಯಂಥದೊಂದು. ಒಳಗೆ ಗುಂಡುಗಳಿರುವುದರಿಂದ ಬೆರಳು ಆಡಿಸಿದರೆ ಝಲ್ ಅನ್ನುತ್ತದೆ. ಇನ್ನೊಂದು ಕೈಯಲ್ಲಿ ಅಂಥದೇ ಮತ್ತೊಂದು. ಎರಡನ್ನೂ ತಾಗಿಸಿದಾಗ ತಾಳ. ಎಡಬಲಕ್ಕೆ ನಿಂತ ಇಬ್ಬರ ಕೈಯಲ್ಲಿ ಮಡಕೆಯಂಥ ಒಡಲಿಗೆ ಚರ್ಮ ಬಿಗಿದ ವಾದ್ಯ. ಮುಂದಾಳು ಒಂದು ಸಾಲು ಎತ್ತಿದರೆ ಅವರಿಬ್ಬರು ಅದನ್ನು ಹಿಡಿದು ಸೊಲ್ಲು ತುಂಬುತ್ತಾರೆ. ನಡುನಡುವೆ "ಹಂಗಾ? ಆಮೇಲೇನಾತು?" ಎಂದು ಕೇಳುತ್ತಾರೆ. ನಮ್ಮ ಪರವಾಗಿ ಅವರೇ ಕೇಳುವುದು! ಹೆಜ್ಜೆ ಹಾಕುತ್ತಾರೆ, ನಗಿಸುತ್ತಾರೆ, ಊರ ಗೌಡರ ಮೀಸೆಯನ್ನೂ ಕಥೆಯೊಳಗೆ ಎಳೆದು ತರುತ್ತಾರೆ.

ಅಂದಿನ ಕಥೆ ಬಾಲನಾಗಮ್ಮನದು. ಮಾಯಗಾರನೊಬ್ಬ ಭಿಕ್ಷುಕನ ವೇಷದಲ್ಲಿ ಬಂದು, ತೊಟ್ಟಿಲಲ್ಲಿ ಕೂಸಿರುವ ರಾಣಿಯನ್ನು ನಾಯಿಯ ರೂಪ ಮಾಡಿ ಎಳೆದುಕೊಂಡು ಹೋಗುತ್ತಾನೆ. ಬಿಡಿಸಿಕೊಂಡು ಬರಲು ಹೋದ ಗಂಡನನ್ನು ಕಲ್ಲು ಮಾಡಿ ನಿಲ್ಲಿಸುತ್ತಾನೆ. ನನ್ನ ಮೈಯೆಲ್ಲ ಮುಳ್ಳು. ಆ ಹೊತ್ತಿಗೆ ಸರಿಯಾಗಿ ಹಿಂದಿನಿಂದ ಯಾರೋ ಕಿವಿ ಹಿಡಿದರು. ಕಂದೀಲು ಹಿಡಿದ ನಮ್ಮಪ್ಪ. "ನಾಳೆ ಗಣಿತದ ಪರೀಕ್ಷೆ ಇಟ್ಕೊಂಡು ಇಲ್ಲಿ ಕುಂತೀಯಾ?"

ಮರುದಿನ ಶಾಲೆಯಿಂದ ಬರುವಷ್ಟರಲ್ಲಿ ಅವರು ಮುಂದಿನ ಊರಿಗೆ ಹೋಗಿಬಿಟ್ಟಿದ್ದರು. ಮುಂದೆ ರಾಜಕುಮಾರ್ ಅವರ ಬಾಲನಾಗಮ್ಮ ಸಿನಿಮಾ ಬಂತು, ನೋಡಿದೆ. ಕಥೆಯ ಕೊನೆ ತಿಳಿಯಿತು. ಆದರೆ ಗುಡಿಯ ಮುಂದಿನ ಆ ಕಥೆ ಕಲ್ಲಾದ ಗಂಡನ ಹತ್ತಿರವೇ ನಿಂತುಹೋಯಿತು.

ಆ ಮೂವರಲ್ಲಿ ಈರಮ್ಮ ಇದ್ದರು ಎಂದು ಹೇಳಿಕೊಳ್ಳುವ ಆಸೆ ನನಗೂ ಇದೆ. ಲೆಕ್ಕದ ಮನುಷ್ಯ, ವೋಚರ್ ಇಲ್ಲದೆ ಜಮಾ ಹಾಕಲಾರೆ. ಆದರೆ ಅವರು ಓಡಾಡಿದ ಸೀಮೆ ಇದೇ, ಹಾಡಿದ ಕಥೆಗಳೂ ಅವೇ.

ಈರಮ್ಮ ಹುಟ್ಟಿದ್ದು 1930ರಲ್ಲಿ. ಬುಡ್ಗ ಜಂಗಮರೆಂಬ ಅಲೆಮಾರಿ ಸಮುದಾಯದವರು. ಮನೆಯೊಳಗೆ ಮಾತು ತೆಲುಗು, ಊರೆದುರು ಹಾಡುವುದು ಕನ್ನಡ. ಹನ್ನೆರಡನೆಯ ವಯಸ್ಸಿನಲ್ಲಿ ಅವರಿಗೆ ಬುರ್ರಕಥೆ ಕಲಿಸಿದವರು ತಂದೆ ಲಾಲಪ್ಪ. ನಿಮ್ಮಲ್ಲಿ ಏಳನೇ ತರಗತಿ ಓದುವವರ ವಯಸ್ಸು ಅದು. ಈರಮ್ಮ ಓದು ಬರಹ ಕಲಿತವರಲ್ಲ. ಮುಂದೆ ಅವರ ತಂಡವೆಂದರೆ ಅವರು, ತಂಗಿ ಶಿವಮ್ಮ, ನಾದಿನಿ ಪಾರ್ವತಮ್ಮ. ಮನೆಯ ಮೂವರು ಹೆಂಗಸರು, ಅಷ್ಟೇ.

"ಪುಸ್ತಕ ಇಲ್ಲದೆ ಹೇಗೆ ಕಲಿತ್ರು?" ಎಂದು ಮೊಮ್ಮಗ ಕೇಳಿದ. ಅವನ ಗಿಟಾರಿನ ಪಾಠಕ್ಕೆ ಪುಸ್ತಕ ಇದೆ, ಫೋನಿನಲ್ಲಿ ವೀಡಿಯೊ ಇದೆ. ಇಲ್ಲಿ ಪಾಠ ಅನ್ನುವುದು ಬೇರೆ ಕೂತು ಹೇಳಿಸಿಕೊಳ್ಳುವಂಥದಲ್ಲ. ಮೊದಲು ಪಕ್ಕದಲ್ಲಿ ನಿಂತು ಮುಂದಾಳು ಎತ್ತಿದ ಸಾಲನ್ನು ಹಿಡಿಯಬೇಕು. ಹಿಡಿಯುತ್ತಾ ಹಿಡಿಯುತ್ತಾ, ಯುದ್ಧ ಬಂದಾಗ ಯಾವ ಮಟ್ಟು, ಅಳು ಬಂದಾಗ ಯಾವ ಮಟ್ಟು ಎಂದು ತಾನೇ ತಿಳಿಯುತ್ತದೆ. ರಾಜಕುಮಾರ ಕುದುರೆ ಏರುವುದು, ರಾಣಿ ಸಿಂಗಾರ ಮಾಡಿಕೊಳ್ಳುವುದು, ಓಲೆ ಹೊತ್ತ ದೂತ ಬರುವುದು ಎಲ್ಲ ಕಥೆಯಲ್ಲೂ ಇರುತ್ತವೆ. ಅವುಗಳ ವರ್ಣನೆ ಹಗ್ಗಕ್ಕೆ ಕಟ್ಟಿದ ಬುತ್ತಿಯ ಹಾಗೆ ಸಿದ್ಧವಾಗಿ ತೂಗುತ್ತಿರುತ್ತದೆ, ಬೇಕಾದಾಗ ಬಿಚ್ಚಿಕೊಳ್ಳಬಹುದು. ನಿಮ್ಮಜ್ಜಿ ಉಪ್ಪಿಟ್ಟು ಮಾಡುವಾಗ ಪುಸ್ತಕ ನೋಡುತ್ತಾಳೆಯೇ? ನಾಲ್ಕು ಜನ ಹೆಚ್ಚಾಗಿ ಬಂದರೆ ನೀರು ರವೆ ಎರಡೂ ಹೆಚ್ಚಿಸುತ್ತಾಳೆ, ರುಚಿ ಕೆಡುವುದಿಲ್ಲ. ಹಾಗೆಯೇ ಜನ ನಿದ್ದೆಗಣ್ಣಲ್ಲಿದ್ದರೆ ಕಥೆ ಗಿಡ್ಡವಾಗುತ್ತದೆ, ಉತ್ಸಾಹದಲ್ಲಿದ್ದರೆ ಬೆಳಗಿನ ಕೋಳಿ ಕೂಗುವವರೆಗೂ ಬೆಳೆಯುತ್ತದೆ. ಬಾಯಿಪಾಠ ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಅದು ಮಗ್ಗಿ ಒಪ್ಪಿಸಿದಂತೆ ಅಲ್ಲ, ಪ್ರತಿ ರಾತ್ರಿ ಹೊಸದಾಗಿ ನೇಯುವುದು.

ಹೀಗೆ ಈರಮ್ಮನ ನೆನಪಿನಲ್ಲಿದ್ದ ಕಾವ್ಯಗಳು ಹನ್ನೆರಡು. ಅಚ್ಚು ಹಾಕಿದರೆ ಸುಮಾರು 7,000 ಪುಟ ಎಂದು ಅಂದಾಜು. ಕೈಯಲ್ಲಿ ಪೆನ್ಸಿಲ್ ಇದ್ದುದರಿಂದ ನಾನು ಲೆಕ್ಕ ಹಾಕಿದೆ. ನಮ್ಮ ಕಾಲದಲ್ಲಿ 400 ಪುಟದ ಲೆಡ್ಜರುಗಳಿರುತ್ತಿದ್ದವು. ಹದಿನೇಳೂವರೆ ಲೆಡ್ಜರು! ಅಂಥದೊಂದನ್ನು ಎರಡು ಕೈಯಲ್ಲಿ ಎತ್ತಿ ಮೇಜಿಗಿಡುವಾಗಲೇ ನನ್ನ ಸೊಂಟ ಹಿಡಿಯುತ್ತಿತ್ತು. ಈ ತಾಯಿ ಹದಿನೇಳೂವರೆಯನ್ನು ತಲೆಯಲ್ಲಿ ಹೊತ್ತು ಊರೂರು ನಡೆದರು.

ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ, ಜೈಸಿಂಗರಾಜ, ಕುಮಾರರಾಮ ಇವೆಲ್ಲ ಅವರ ಬಾಯಿಂದ ಬಂದು ಪುಸ್ತಕಗಳಾಗಿವೆ. ಇವುಗಳಲ್ಲಿ ಕುಮಾರರಾಮನ ಕಥೆ ನಮ್ಮ ನೆಲದ್ದೇ. ಅವನ ತಂದೆ ಕಂಪಿಲರಾಯ ಆಳಿದ್ದು ನಮ್ಮ ಕಂಪ್ಲಿಯ ಸೀಮೆಯನ್ನು. ಕೋಟೆ ಇದ್ದದ್ದು ಗಂಗಾವತಿ ಬಳಿಯ ಕುಮ್ಮಟದುರ್ಗದಲ್ಲಿ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಸೈನ್ಯ 1327ರ ಸುಮಾರಿಗೆ ಬಂದು ಮುತ್ತಿದಾಗ ಅಪ್ಪ ಮಗ ಇಬ್ಬರೂ ಹೋರಾಡಿ ಮಡಿದರು. ಹಂಪಿಯಲ್ಲಿ ವಿಜಯನಗರ ತಲೆಯೆತ್ತಿದ್ದು ಅದಾದ ಮೇಲೆ. ಹಂಪಿಗೆ ಬರುವ ಪ್ರವಾಸಿಗರಿಗೆ ಕೃಷ್ಣದೇವರಾಯ ಗೊತ್ತು, ಕುಮಾರರಾಮ ಗೊತ್ತಿಲ್ಲ. ಅವನಿಗೆ ಕಲ್ಲಿನ ರಥ ಯಾರೂ ಕಟ್ಟಲಿಲ್ಲ. ಅವನು ಏಳುನೂರು ವರ್ಷ ಉಳಿದದ್ದು ಕವಿಗಳ ಓಲೆಗರಿಗಳಲ್ಲಿ ಮತ್ತು ಈರಮ್ಮನಂಥವರ ಗಂಟಲಲ್ಲಿ.

ಬಾಲನಾಗಮ್ಮನ ಕಥೆಯಂತೂ ಇನ್ನೂ ದೂರ ಹೋಗಿದೆ. ಬೊಂಬಾಯಿಯ ಗವರ್ನರರ ಮಗಳು ಮೇರಿ ಫ್ರಿಯರ್ ಎಂಬಾಕೆ ತನ್ನ ಆಯಾ ಹೇಳಿದ ಕಥೆಗಳನ್ನು ಬರೆದುಕೊಂಡು 1868ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಮಾಡಿದಳು. ಅದರ ಮೊದಲ ಕಥೆಯ ರಾಜಕುಮಾರಿಯ ಹೆಸರು ಬಾಲ್ನಾ! ಅದೇ ಮಾಯಗಾರ, ಅದೇ ಕಲ್ಲಾಗುವ ಗಂಡ. ಇದನ್ನು ಹೇಳಿದಾಗ ಮೊಮ್ಮಗ ಎದ್ದು ಕೂತ.

ಈಗ ನನ್ನ ತಪ್ಪಿನ ಭಾಗ.

ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದೆ. ಸಹಿ ಮಾಡಲು ಬಾರದವರ ಹೆಬ್ಬೆರಳನ್ನು ಶಾಯಿಯ ಪ್ಯಾಡಿಗೆ ಒತ್ತಿಸಿ ಚೀಟಿಗೆ ಒತ್ತಿಸುವುದು ನನ್ನ ದಿನದ ಕೆಲಸಗಳಲ್ಲೊಂದು. ಅದಕ್ಕೊಬ್ಬರು ಸಾಕ್ಷಿ ಬೇಕು, ಎಡಗೈಯೋ ಬಲಗೈಯೋ ಬರೆಯಬೇಕು, ಹೊತ್ತು ಹಿಡಿಯುತ್ತದೆ. ಸಾಲು ಉದ್ದವಾದ ದಿನ ನಾವು ಕೌಂಟರಿನವರು ಒಬ್ಬರಿಗೊಬ್ಬರು "ಇವತ್ತೆಲ್ಲಾ ಬರೀ ಹೆಬ್ಬೆಟ್ಟು" ಅಂದುಕೊಳ್ಳುತ್ತಿದ್ದೆವು. ಆಕೆಯೆದುರೇ, ಅವರೆದುರೇ. ತಂಬೂರಿ ಹೆಗಲಿಗೇರಿಸಿ ತಾಳದ ಬಳೆ ತೊಡುವುದು ಕೂಡ ಅದೇ ಬೆರಳಿಗೆ ಎಂಬುದು ಆಗ ನನಗೆ ಒಂದು ದಿನವೂ ಹೊಳೆಯಲಿಲ್ಲ.

1991ರಿಂದ ಎಂಟೊಂಬತ್ತು ವರ್ಷ ನಾನು ಬಳ್ಳಾರಿಯ ಒಂದು ಶಾಖೆಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಗಾದಿಗನೂರು, ದರೋಜಿ, ಬನ್ನಿಹಟ್ಟಿ, ತೋರಣಗಲ್ಲು. ದರೋಜಿ ಬಂದಾಗ ನಾವು ಇಸ್ಪೀಟಿನ ಎರಡನೇ ಆಟದಲ್ಲಿರುತ್ತಿದ್ದೆವು. 1999ರಲ್ಲಿ ಬುರ್ರಕಥೆ ಈರಮ್ಮನಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ಸುದ್ದಿ ಓದಿದ್ದೂ ಅದೇ ರೈಲಿನಲ್ಲಿ. "ಅರೇ, ನಮ್ಮ ದರೋಜಿಯವರು! ಒಂದು ಭಾನುವಾರ ಹೋಗಿ ಕೇಳಿ ಬರಬೇಕು" ಅಂದೆ. ಪಕ್ಕದವರೂ ಹೌದಂದರು. ಎಲೆ ಹಂಚಿದರು.

ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಡಾಕ್ಟರೇಟಿಗೆ ಸಮನಾದದ್ದು ಅದು. ಶಾಲೆಯ ಮೆಟ್ಟಿಲು ಹತ್ತದವರಿಗೆ! ಆಗಲೂ ಅಂದುಕೊಂಡೆ, ನಿವೃತ್ತಿಯಾದ ಮೇಲೆ ಹೇಗೂ ಬಿಡುವಿರುತ್ತದೆ ಎಂದು. ನಿವೃತ್ತಿಯಾದ ಮೇಲೆ ಮಂಡಿನೋವು, ಮಗಳ ಮದುವೆ, ಮನೆಯ ತಾರಸಿ. ಕಾಶಿಗೆ ಹೋಗಿ ಬಂದೆ, ಕೆನಡಾಕ್ಕೆ ಹೋಗಿ ನಯಾಗರ ಜಲಪಾತ ನೋಡಿ ಬಂದೆ. 2014ರ ಆಗಸ್ಟ್ 12ರಂದು ಈರಮ್ಮ ತೀರಿಕೊಂಡರು. ಎಂಬತ್ತನಾಲ್ಕು ವರ್ಷ. ಪೇಪರು ಮಡಿಸಿಟ್ಟು ಬಹಳ ಹೊತ್ತು ಕೂತಿದ್ದೆ. ಹೆಂಡತಿ ಕಾಫಿ ತಂದಿಟ್ಟು "ಯಾರಾದರೂ ಗುರುತಿನವರಾ?" ಅಂದಳು. ಅಲ್ಲ ಅಂದೆ.

"ಅಂದ್ರೆ ನೀವು ಅವರನ್ನ ಕೇಳಲೇ ಇಲ್ಲ" ಎಂದ ಮೊಮ್ಮಗ. ಬೈಗುಳವೇನೂ ಅಲ್ಲ, ಸುಮ್ಮನೆ ಬರೆದುಕೊಳ್ಳುವವರ ಹಾಗೆ ಅಂದ. ಸ್ವಲ್ಪ ಹೊತ್ತು ಬಿಟ್ಟು, "ನಾಳೆ ಹೋಗೋಣವಾ?" ಎಂದ.

ಹೋದೆವು. ಬೆಳಗ್ಗೆ ರಾಗಿ ಗಂಜಿ ಕುಡಿದು ಬಸ್ಸಿನಲ್ಲಿ ಗಾದಿಗನೂರು, ಅಲ್ಲಿಂದ ಆಟೊ. ಅವನು ಗಿಟಾರು ಬಿಟ್ಟು ಬರಲು ಒಪ್ಪಲಿಲ್ಲ. ಆಟೊದವನು ಅದಕ್ಕೂ ಒಂದು ಟಿಕೇಟು ಹಾಕಬೇಕು ಎಂದು ತಮಾಷೆ ಮಾಡಿದ. ಲಾರಿಗಳ ರಸ್ತೆ ಬಿಟ್ಟು ಒಳಗೆ ತಿರುಗಿದ ಮೇಲೆ ಗಾಳಿಯ ಬಣ್ಣವೇ ಬೇರೆ. ಗುಂಡುಕಲ್ಲಿನ ಗುಡ್ಡಗಳು, ಕುರುಚಲು ಗಿಡ. ದರೋಜಿ ಎಂದರೆ ಹೊರಗಿನವರಿಗೆ ಕರಡಿ ನೆನಪಾಗುತ್ತದೆ. 1994ರಲ್ಲಿ ಮಾಡಿದ ಕರಡಿಧಾಮ ಇಲ್ಲಿಯೇ ಇದೆ. ಮಧ್ಯಾಹ್ನ ಬಂಡೆಗಳ ಮೇಲೆ ಬೆಲ್ಲ ಜೇನು ಕಲಸಿ ಸವರುತ್ತಾರೆ, ಇಳಿಹೊತ್ತಿಗೆ ಕರಡಿಗಳು ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ನೆಕ್ಕಲು ಬರುತ್ತವೆ. ಮೊಮ್ಮಗನ ಕಣ್ಣು ಅರಳಿತು, ಆದರೆ ಅಂದು ಅದಕ್ಕೆ ಬಿಡುವಿರಲಿಲ್ಲ.

ದರೋಜಿಯ ಕೆರೆ ದೊಡ್ಡದು. ಏರಿಯ ಮೇಲೆ ನಿಂತರೆ ಈಚೆ ಗದ್ದೆ, ಬಾಳೆ. ಆಚೆ ನೀರು, ನೀರಿನಾಚೆ ಗುಡ್ಡ. ನಮ್ಮೂರಿನ ಕೆಂಧೂಳಿನಿಂದ ಇಷ್ಟು ಹತ್ತಿರ ಇಂಥದೊಂದು ತಂಪು ಇದೆ ಎಂಬುದನ್ನು ಇಸ್ಪೀಟಿನ ಎಲೆಗಳ ಮೇಲಿನಿಂದ ನಾನು ಕಂಡಿರಲಿಲ್ಲ.

ಊರೊಳಗೆ ಹುಣಸೆಮರದ ಕೆಳಗಿನ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರಿರಬೇಕು. ಹೆಸರು ಬರೆಯಬೇಡಪ್ಪಾ ಅಂದಿದ್ದಾರೆ, ಬರೆಯುವುದಿಲ್ಲ. "ಯಕ್ಕಾ, ಬುರ್ರಕಥೆ ಈರಮ್ಮ..." ಎಂದು ಮಾತು ಎತ್ತಿದೆ.

"ಆಯಮ್ಮ ಹೋಗಿ ಬಾಳ ವರ್ಷ ಆತಲ್ಲಪ್ಪಾ. ಈಗ ಬಂದೀಯಾ?"

ಏನು ಹೇಳಲಿ? ತಲೆ ತಗ್ಗಿಸಿದೆ. ಹತ್ತು ವರ್ಷದವನಾಗಿದ್ದಾಗ ಮೊರ ಹಿಡಿದು ತಗ್ಗಿಸಿದ ಹಾಗೆಯೇ.

ಅಜ್ಜಿ ಸರಿದು ಜಾಗ ಮಾಡಿಕೊಟ್ಟರು. ತಾವು ಹಾಡುವವರಲ್ಲವಂತೆ, ಆ ಸಮುದಾಯದವರೂ ಅಲ್ಲವಂತೆ. "ನಾನು ಬರೀ ಕೇಳಿದೋಳು. ಹೊಲದಾಗ ಕಳೆ ತೆಗೆದು ಬಂದು, ಉಂಡು, ಕೂಸು ಮಲಗಿಸಿ ಹೋಗಿ ಕುಂತರೆ ನಿದ್ದೀನ ಬರ್ತಿದ್ದಿಲ್ಲ. ಆಯಮ್ಮ ಅಳು ಹಾಡಿದ್ರ ಗಂಡಸರು ಟವಲ್ ತಗೋತಿದ್ರು, ಬೀಡಿ ಹೊಗಿ ಕಣ್ಣಾಗ ಹೋತು ಅಂತ ಸುಳ್ಳು ಹೇಳ್ಕೊಂಡು." ಹೇಳುತ್ತಾ ಕಡಲೆಕಾಯಿ ಬಿಡಿಸುವ ಕೈ ನಿಂತೇಹೋಯಿತು. ಬೆರಳುಗಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದವು.

ಮೊಮ್ಮಗ ಅದನ್ನೇ ನೋಡುತ್ತಿದ್ದ. ಗಿಟಾರು ಹೊರತೆಗೆದು, ತಂತಿ ಮುಟ್ಟದೆ, ಅದರ ಮರದ ಒಡಲಿನ ಮೇಲೆ ಬೆರಳಿನಿಂದ ಆ ತಾಳ ಹಿಡಿಯಲು ನೋಡಿದ. ತಪ್ಪಿತು. ಅಜ್ಜಿ "ಹಂಗಲ್ಲ ಮರೀ" ಎಂದು ಅವನ ಕೈಯನ್ನೇ ಹಿಡಿದು ಬಡಿಸಿದರು. ಮೂರನೇ ಸಲಕ್ಕೆ ಸರಿಬಂತು. "ಇದೇನಿದು, ಬುರ್ರಕ್ಕ ತಂತಿ ಕಟ್ಟೀರಿ?" ಎಂದು ಅಜ್ಜಿ ನಕ್ಕರು. ಅವನು ತನ್ನ ಊರಿನ ನೀಲ್ ಯಂಗ್ ಕಥೆಯನ್ನು ಮುರುಕು ಕನ್ನಡದಲ್ಲಿ ಹೇಳಿದ. ಪ್ಲಾಸ್ಟಿಕ್ ವಾದ್ಯ, ಕೋಳಿಮೊಟ್ಟೆ, ಹೆಣದ ಗಾಡಿ ಎಲ್ಲ. ಹೆಣದ ಗಾಡಿಗೆ ಅಜ್ಜಿ ಏನೂ ಬೆಚ್ಚಲಿಲ್ಲ. "ಹಾಡೋರಿಗೆ ಗಾಡಿ ಸಿಕ್ಕಿದ್ದ ದೊಡ್ಡದು. ಈರಮ್ಮನೋರು ನಡಕೊಂಡ ಹೋಗ್ತಿದ್ರು" ಅಂದರು.

ಆಗ ನಾನು ಕೇಳಿಯೇಬಿಟ್ಟೆ. "ಯಕ್ಕಾ, ಬಾಲನಾಗಮ್ಮನ ಕಥಿ ನೆನಪೈತಾ?"

"ನೆನಪಿಲ್ಲದೇನು? ಆದರ ಈಗ ಹೇಳಂಗಿಲ್ಲ. ಹಗಲೊತ್ತು ಕಥಿ ಹೇಳಿದ್ರ ದಾರಿ ಹೋಗೋರು ದಾರಿ ತಪ್ತಾರ. ರಾತ್ರಿ ಆಗಲಿ."

ಕೆರೆಯ ಏರಿಯ ಮೇಲೆ ಹೊತ್ತು ಕಳೆದೆವು. ಸಂಜೆಯ ಬಸ್ಸು ಬಂತು. ನನ್ನ ಕಾಲು ಅಭ್ಯಾಸದಂತೆ ಎದ್ದವು. ರಾತ್ರಿಯ ಗುಳಿಗೆ ಮನೆಯಲ್ಲಿತ್ತು, ಹೆಂಡತಿ ಕಾಯುತ್ತಿರುತ್ತಾಳೆ. ಮೊಮ್ಮಗ ಏಳಲಿಲ್ಲ. ಏನೂ ಅನ್ನದೆ ನನ್ನನ್ನು ನೋಡಿದ. ಕಂಡಕ್ಟರು "ಬರ್ತೀರೇನ್ರಿ?" ಎಂದು ಕೂಗಿದ. ನಾನು ಕೈ ಆಡಿಸಿದೆ. ಬಸ್ಸು ಹೊರಟುಹೋಯಿತು. ತಮ್ಮನ ಮಗನಿಗೆ ಫೋನು ಮಾಡಿ, ರಾತ್ರಿ ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ, ಕಾರು ತಗೊಂಡು ಬಾ ಎಂದೆ.

ಅಜ್ಜಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ನೋಡುನೋಡುತ್ತಾ ಓಣಿಯ ಏಳೆಂಟು ಮಕ್ಕಳು ಬಂದು ಕೂತವು. ಯಾರೋ ಚಾಪೆ ತಂದರು. ಅಜ್ಜಿ ಎಲೆಅಡಿಕೆ ಹಾಕಿಕೊಂಡು, ಮೊಮ್ಮಗನಿಗೆ ತಾಳ ಶುರುಮಾಡು ಎಂದು ಸನ್ನೆ ಮಾಡಿ, ನನ್ನ ಕಡೆ ತಿರುಗಿದರು.

"ಎಲ್ಲಿಂದ ಹೇಳಲಿ?"

"ಗಂಡ ಕಲ್ಲಾದನಲ್ಲ ಯಕ್ಕಾ, ಅಲ್ಲಿಂದ" ಅಂದೆ.